ನಲವತ್ತು ದಾಟಿದರೆ ಬರುವ ಸದ್ದು

ಆ ಸದ್ದು ಶುರುವಾದದ್ದು ದೀಪಾವಳಿ ಕಳೆದ ಮೇಲೆ.

ತಾರಾನಾಥ ಪಣಂಬೂರಿನ ಬಂದರಿನಲ್ಲಿ ಒಬ್ಬ ಗುತ್ತಿಗೆದಾರರ ಕೈಕೆಳಗೆ ಕ್ರೇನ್ ಆಪರೇಟರ್. ವಯಸ್ಸು ಐವತ್ತೆರಡು. ಬೋಳಾರದಲ್ಲಿ ನದಿಯ ಕಡೆಗೆ ಇಳಿಯುವ ಓಣಿಯ ಕೊನೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮದುವೆ ಆಗಿರಲಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳುವವರೂ ಈಗ ಉಳಿದಿರಲಿಲ್ಲ. ತನ್ನದು ಎಂದು ಹೇಳಿಕೊಳ್ಳಲು ಅವನಿಗಿದ್ದದ್ದು ಒಂದು ಜೀಪು. ಇಪ್ಪತ್ತೆಂಟು ವರ್ಷ ಹಳೆಯದು, ನಾಲ್ಕು ಚಕ್ರಕ್ಕೂ ಎಳೆತ ಇರುವಂಥದ್ದು, ಮೇಲೆ ಕ್ಯಾನ್ವಾಸಿನ ಹುಡ್. ಮೂಡಿಗೆರೆ ಕಡೆಯ ಕಾಫಿ ತೋಟದವರು ಮಾರಿದ್ದನ್ನು ಅವನು ಕೊಂಡು, ಬೋಲ್ಟು ಬೋಲ್ಟು ಬಿಚ್ಚಿ ಸರಿಮಾಡಿಕೊಂಡಿದ್ದ. ಕೆಸರಿನ ಏರು, ಹೊಳೆಯ ಮರಳು, ಎಲ್ಲಿ ಬೇಕಾದರೂ ಹೋಗುತ್ತಿತ್ತು.

ಬೋಳಾರದಿಂದ ಹೊರಟು ಪೇಟೆಯ ಟ್ರಾಫಿಕ್ ದಾಟುವವರೆಗೆ ಏನೂ ಇರುತ್ತಿರಲಿಲ್ಲ. ಕೊಟ್ಟಾರ ಚೌಕಿಯಲ್ಲಿ ಹೆದ್ದಾರಿಗೆ ಬಿದ್ದು, ಸ್ಪೀಡೋಮೀಟರಿನ ಮುಳ್ಳು ನಲವತ್ತು ದಾಟಿದರೆ ಸಾಕು, ಎಲ್ಲಿಂದಲೋ ಕಿರ್ಕ್, ಕಿರ್ಕ್, ಕಿರ್ಕ್. ದೊಡ್ಡ ಸದ್ದಲ್ಲ. ಎಂಜಿನಿನ ಗದ್ದಲದ ನಡುವೆ ಬೇರೆ ಯಾರಿಗೂ ಕೇಳದಿರಬಹುದಾದ ಸದ್ದು. ಆದರೆ ಈ ಜೀಪಿನ ಒಂದೊಂದು ಸದ್ದನ್ನೂ ಗುರುತು ಹಿಡಿಯುವ ತಾರಾನಾಥನಿಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಆಯಿತು.

ಮೊದಲ ಭಾನುವಾರ ಜೀಪಿನ ಅಡಿಯಲ್ಲಿ ಮಲಗಿ ಸ್ಪ್ರಿಂಗಿನ ಪಟ್ಟಿಗಳಿಗೆಲ್ಲ ಗ್ರೀಸು ತುಂಬಿಸಿದ. ಸದ್ದು ಹೋಗಲಿಲ್ಲ. ಎರಡನೆಯ ಭಾನುವಾರ ಹುಡ್ಡಿನ ಸರಳುಗಳಿಗೆ ಹಳೆಯ ಲುಂಗಿಯ ಚೂರು ಸುತ್ತಿದ. ಸ್ಟೆಪ್ನಿ ಬಿಚ್ಚಿ ಮನೆಯಲ್ಲಿಟ್ಟ. ಜಾಕು, ಸ್ಪ್ಯಾನರು, ಹಗ್ಗ ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ ಹಿಂದೆ ಅಲುಗದಂತೆ ಒತ್ತಿಟ್ಟ. ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದು ಕೈಯಿಂದ ಬಾಗಿಲು, ಕನ್ನಡಿ, ಡ್ಯಾಶ್‌ಬೋರ್ಡು ಎಂದು ಒಂದೊಂದನ್ನೇ ಅದುಮಿ ನೋಡುತ್ತ ಕೂಳೂರು ಸೇತುವೆ ದಾಟಿದ. ಸದ್ದು ಹುಡುಕಬೇಕಾದರೆ ಒಬ್ಬ ಓಡಿಸಬೇಕು, ಇನ್ನೊಬ್ಬ ಕಿವಿ ಕೊಡಬೇಕು. ಇನ್ನೊಬ್ಬನಿಲ್ಲದ್ದರಿಂದ ಒಮ್ಮೆ ಮೊಬೈಲನ್ನು ರೆಕಾರ್ಡಿಗೆ ಹಾಕಿ ಹಿಂದಿನ ನೆಲದ ಮೇಲಿಟ್ಟ. ಮನೆಗೆ ಬಂದು ಕೇಳಿದರೆ ಗಾಳಿ ಮತ್ತು ಸುರತ್ಕಲ್ ಬಸ್ಸುಗಳ ಹಾರ್ನು, ಅಷ್ಟೆ.

ಕೊನೆಗೆ ಪೇಟೆಯ ಹಳೆ ಬಂದರ್ ಪ್ರದೇಶದಲ್ಲಿರುವ ಹಮ್ಮಬ್ಬನ ಗ್ಯಾರೇಜಿಗೆ ಹೋದ. ಹಮ್ಮಬ್ಬ ಅರವತ್ತು ದಾಟಿದ ಮೆಕ್ಯಾನಿಕ್, ಹಳೆ ಜೀಪುಗಳಿಗೆ ಊರಲ್ಲೇ ಹೆಸರಾದವನು.

“ಕೂತುಕೊಳ್ಳಿ ಹಮ್ಮಬ್ಬಾಕ, ಒಂದು ರೌಂಡು ಹೋಗುವ. ನಲವತ್ತು ದಾಟಿದ ಕೂಡಲೇ ಬರ್ತದೆ.”

ಹಮ್ಮಬ್ಬ ಕೈ ಒರೆಸಿಕೊಂಡು ಪಕ್ಕದಲ್ಲಿ ಕುಳಿತ. ಹೆದ್ದಾರಿಯಲ್ಲಿ ಮುಳ್ಳು ಐವತ್ತಕ್ಕೆ ಬಂತು, ಅರವತ್ತಕ್ಕೆ ಬಂತು. ಸದ್ದೇ ಇಲ್ಲ.

“ಎಲ್ಲಿ ಉಂಟು ಸದ್ದು?”

“ಬರ್ತಿತ್ತು. ಬೆಳಿಗ್ಗೆಯೂ ಬಂದಿತ್ತು.”

“ನೀವು ಇಳಿದು ಈಚೆ ಬನ್ನಿ, ನಾನು ಓಡಿಸ್ತೇನೆ.”

ಹಮ್ಮಬ್ಬ ಓಡಿಸಿದ, ತಾರಾನಾಥ ಪಕ್ಕದಲ್ಲಿ ಕುಳಿತ. ಆಗಲೂ ಇಲ್ಲ. ಹಮ್ಮಬ್ಬ ಬೇಕೆಂದೇ ರಸ್ತೆಯ ಗುಂಡಿಗಳಿಗೆ ಚಕ್ರ ಇಳಿಸಿದ. ಜೀಪು ಕುಲುಕಿತೇ ಹೊರತು ಕಿರ್ಕ್ ಎನ್ನಲಿಲ್ಲ. ಗ್ಯಾರೇಜಿಗೆ ವಾಪಸಾದ ಮೇಲೆ ಅವನು ಮೆಲ್ಲನೆ ಕೇಳಿದ: “ತಾರಾನಾಥಣ್ಣ, ನೀವು ಇಷ್ಟು ವರ್ಷದಿಂದ ಮೆಷಿನಿನ ಹತ್ತಿರ ಕೆಲಸ ಮಾಡುವವರು. ಒಮ್ಮೆ ಕಿವಿ ತೋರಿಸಬಾರದಾ?”

ಅಲ್ಲಿಂದ ಮನೆಗೆ ಬರುವಾಗ ಸದ್ದು ಇತ್ತು ಎಂದು ಹೇಳುವ ಹಾಗಿರಲಿಲ್ಲ. ಪೇಟೆಯೊಳಗೆ ಯಾವತ್ತೂ ಇರುತ್ತಿರಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಕೊಟ್ಟಾರ ಚೌಕಿ ದಾಟಿದ್ದೇ ತಡ, ಬಂತು.

ಅವನು ಕಿವಿಯನ್ನೂ ತೋರಿಸಿದ. ಡಾಕ್ಟರು ಸಫಾ ಎಂಬ ಹೆಂಗಸು, ಚಿಕ್ಕ ವಯಸ್ಸಿನವರು. ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿಸಿ, ನಿಮ್ಮ ಕಿವಿ ಚೆನ್ನಾಗಿದೆ ಎಂದರು. ಮತ್ತೆ ಕೇಳಿದರು: “ಆ ಸದ್ದು ಮನೆಯವರಿಗೆ ಯಾರಿಗಾದರೂ ಕೇಳಿದೆಯಾ?”

“ಮನೆಯಲ್ಲಿ ಯಾರೂ ಇಲ್ಲ.”

“ಫ್ರೆಂಡ್ಸ್?”

“ಇಲ್ಲ ಮೇಡಂ,” ಎಂದ ತಾರಾನಾಥ.

“ನಿದ್ದೆ ಸರಿಯಾಗಿ ಬರ್ತದಾ?” ಎಂದು ಅವರು ದನಿ ತಗ್ಗಿಸಿ ಕೇಳಿದರು. ಬರುತ್ತದೆ ಎಂದು ಹೇಳಿ ಅವನು ಎದ್ದು ಬಂದ. ಮೆಟ್ಟಿಲಿಳಿಯುವಾಗ ನಾಚಿಕೆಯಾಯಿತು.

ಏಪ್ರಿಲಿನ ಒಂದು ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಬರುವಾಗ ಬೈಕಂಪಾಡಿಯಲ್ಲಿ ಇಪ್ಪತ್ತೈದು ಕಿಲೋದ ಒಂದು ಚೀಲ ಕುಚಲಕ್ಕಿ ಕೊಂಡ. ಹಿಂದೆ ಗ್ರೀಸು ಮೆತ್ತಿದ ಗೋಣಿ ಬಿದ್ದಿದ್ದರಿಂದ ಚೀಲವನ್ನು ಎಡದ ಸೀಟಿನ ಮೇಲೆ ಕೂರಿಸಿ ಹೊರಟ. ಕೂಳೂರು ಸೇತುವೆ ದಾಟಿತು, ಕೊಟ್ಟಾರ ಹತ್ತಿರ ಬಂತು. ಆಗ ಅವನಿಗೆ ಹೊಳೆಯಿತು, ಇಷ್ಟು ದೂರ ಸದ್ದೇ ಬಂದಿಲ್ಲ.

ಜೀಪು ತಿರುಗಿಸಿದ. ಚೀಲವನ್ನು ಹಿಂದಕ್ಕೆ ಹಾಕಿ ಸೇತುವೆಯ ಕಡೆ ಓಡಿಸಿದ. ಕಿರ್ಕ್, ಕಿರ್ಕ್. ಚೀಲವನ್ನು ಮತ್ತೆ ಸೀಟಿಗೆ ತಂದ. ಇಲ್ಲ. ಹೀಗೆ ಮೂರು ಸಲ ಮಾಡಿ, ರಸ್ತೆ ಬದಿಯಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿದ. ಪಕ್ಕದ ಸೀಟು ಖಾಲಿ ಇದ್ದರೆ ಮಾತ್ರ ಬರುವ ಸದ್ದು ಅದು. ಅದಕ್ಕೇ ಹಮ್ಮಬ್ಬನಿಗೆ ಕೇಳಿಸಲಿಲ್ಲ. ಅದಕ್ಕೇ ದೀಪಾವಳಿಯವರೆಗೆ ತನಗೂ ಕೇಳಿಸಿರಲಿಲ್ಲ. ಹದಿನಾಲ್ಕು ವರ್ಷ ಆ ಸೀಟಿನಲ್ಲಿ ಚೆನ್ನಪ್ಪ ಕೂರುತ್ತಿದ್ದ.

ಚೆನ್ನಪ್ಪ ಅದೇ ಬಂದರಿನಲ್ಲಿ ಸಿಗ್ನಲ್‌ಮ್ಯಾನ್ ಆಗಿದ್ದ. ತಾರಾನಾಥನಿಗಿಂತ ಐದು ವರ್ಷ ದೊಡ್ಡವನು, ಮನೆ ಜೆಪ್ಪುವಿನಲ್ಲಿ. ಬೆಳಿಗ್ಗೆ ಮಂಗಳಾದೇವಿ ದೇವಸ್ಥಾನದ ಹತ್ತಿರ ಜೀಪು ಹತ್ತಿದರೆ ಸಂಜೆ ಅಲ್ಲೇ ಇಳಿಯುತ್ತಿದ್ದ. ಭಾನುವಾರಗಳಲ್ಲಿ ಇಬ್ಬರೂ ಚಾರ್ಮಾಡಿಯ ಕಡೆಯ ಕಚ್ಚಾ ರಸ್ತೆಗಳಿಗೆ ಹೋಗಿ, ಜೀಪನ್ನು ಕೆಸರಲ್ಲಿ ಹೂಳಿಸಿ, ಎಬ್ಬಿಸಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಬರುತ್ತಿದ್ದರು. ಕೆಲಸದಲ್ಲೂ ಹಾಗೆಯೇ. ಮೇಲೆ ಕ್ಯಾಬಿನಿನಲ್ಲಿ ಕುಳಿತ ತಾರಾನಾಥನಿಗೆ ಕೆಳಗೆ ಹಡಗಿನ ಅಟ್ಟದ ಮೇಲೆ ನಿಂತ ಚೆನ್ನಪ್ಪನ ಎರಡು ಕೈಗಳೇ ಕಣ್ಣು. ಕೈ ಮೇಲಾದರೆ ಎತ್ತಬೇಕು, ಅಂಗೈ ಅಡ್ಡ ಬಂದರೆ ನಿಲ್ಲಿಸಬೇಕು. ಕೈ ಕಾಣದಿದ್ದರೆ ಏನನ್ನೂ ಮಾಡಬಾರದು. ಅದು ನಿಯಮ.

ದೀಪಾವಳಿಯ ಮರುವಾರ ಮರದ ದಿಮ್ಮಿ ಇಳಿಸುವಾಗ ಚೆನ್ನಪ್ಪ ಫೋನು ಬಂತೆಂದು ಬದಿಗೆ ಸರಿದಿದ್ದ. ತಾರಾನಾಥನಿಗೆ ಕೈ ಕಾಣಲಿಲ್ಲ. ಆದರೂ ದಿನಕ್ಕೆ ನೂರು ಸಲ ಎತ್ತಿದ ಅಭ್ಯಾಸದಲ್ಲಿ ಹಿಡಿಕೆ ಎಳೆದ. ಕಟ್ಟು ತಿರುಗಿ, ಒಂದು ದಿಮ್ಮಿ ಜಾರಿ, ಕೊಪ್ಪಳದ ಕಡೆಯಿಂದ ಬಂದಿದ್ದ ಹನುಮಂತ ಎಂಬ ಕೆಲಸಗಾರನ ಪಾದದ ಮೇಲೆ ಬಿತ್ತು. ಎರಡು ಬೆರಳು ಹೋದವು.

ವಿಚಾರಣೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಸಿಗ್ನಲ್‌ಮ್ಯಾನ್ ತನ್ನ ಜಾಗದಲ್ಲಿ ಇದ್ದನೇ? ಇರಲಿಲ್ಲ ಎಂದು ತಾರಾನಾಥ ಸತ್ಯವನ್ನೇ ಹೇಳಿದ. ಮತ್ತೆ ನೀವು ಯಾಕೆ ಎತ್ತಿದಿರಿ ಎಂದು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಚೆನ್ನಪ್ಪನನ್ನು ಹಡಗಿನ ಕೆಲಸದಿಂದ ತೆಗೆದು ಲಾರಿಗಳ ತೂಕದ ಕಟ್ಟೆಯಲ್ಲಿ ಚೀಟಿ ಬರೆಯಲು ಕೂರಿಸಿದರು. ಆ ದಿನ ಸಂಜೆ ಅವನು ಜೀಪಿನ ಹತ್ತಿರ ಬಂದು, “ನಾಳೆಯಿಂದ ಬಸ್ಸಲ್ಲಿ ಬರ್ತೇನೆ,” ಎಂದಷ್ಟೇ ಹೇಳಿ ಹೋದ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಸೀಟಿನ ಕೆಲಸವನ್ನು ಹಮ್ಮಬ್ಬನೇ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಿದ್ದ. ಆದರೂ ಮರುದಿನ ಬೆಳಿಗ್ಗೆ ತಾರಾನಾಥ ಜೆಪ್ಪುವಿಗೆ ಹೋಗಿ ಚೆನ್ನಪ್ಪನ ಗೇಟಿನ ಮುಂದೆ ಜೀಪು ನಿಲ್ಲಿಸಿದ. ಹಾರ್ನು ಮಾಡಲು ಧೈರ್ಯವಾಗಲಿಲ್ಲ. ಎಂಜಿನಿನ ಸದ್ದಿಗೇ ಚೆನ್ನಪ್ಪನ ಹೆಂಡತಿ, ಬಾಗಿ ಎಂಬವಳು, ಹೊರಗೆ ಬಂದಳು.

“ತಾರಾನಾಥ ಅಲ್ವಾ! ಬನ್ನಿ, ಬನ್ನಿ. ಎಷ್ಟು ಸಮಯ ಆಯ್ತು ಈ ಕಡೆ ಬಾರದೆ?”

“ಚೆನ್ನಪ್ಪಣ್ಣ ಇದ್ದಾರಾ, ಬಾಗಿಯಕ್ಕ?”

ಅವಳು ನೀರು ಬೆಲ್ಲ ತಂದಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಚೆನ್ನಪ್ಪ ಬನಿಯನ್ನಿನ ಮೇಲೆ ಮೈ ಒರೆಸುವ ಬೈರಾಸು ಹಾಕಿಕೊಂಡು ಜಗಲಿಗೆ ಬಂದ. ಕೂರಲಿಲ್ಲ.

“ಎಂತ?”

“ಜೀಪಲ್ಲಿ ಒಂದು ಸದ್ದು ಉಂಟು. ಎಡದ ಸೀಟಿಂದ.”

ಚೆನ್ನಪ್ಪ ಜೀಪಿನ ಕಡೆ ಒಮ್ಮೆ ನೋಡಿದ. “ಅಡಿಯ ರಬ್ಬರ್ ಹೋಗಿದೆ. ಅದಕ್ಕೇ ಸೀಟು ಕುಣಿಯುತ್ತದೆ, ಮುಂದಿನ ಪಿನ್ನು ಉಜ್ಜುತ್ತದೆ. ಅದು ಹೋಗಿ ಎರಡು ವರ್ಷ ಆಯ್ತು.”

“ಎರಡು ವರ್ಷವಾ? ನನಗೆ ಹೇಳಲೇ ಇಲ್ಲ?”

“ನಾನು ಕೂತಿದ್ದೆ ಅಲ್ಲ. ಮತ್ತೆ ಎಂತಕ್ಕೆ ಹೇಳುವುದು?”

ಅವನು ಒಳಗೆ ಹೋಗಿ ಒಂದು ಹಳೆಯ ಹವಾಯಿ ಚಪ್ಪಲಿ, ಕತ್ತಿ, ಸ್ವಲ್ಪ ಎಣ್ಣೆ ತಂದ. ಸೀಟನ್ನು ಮುಂದಕ್ಕೆ ಮಗುಚಿ, ಚಪ್ಪಲಿಯ ಹಿಮ್ಮಡಿಯಿಂದ ಒಂದು ಚೌಕ ಕತ್ತರಿಸಿ, ರಬ್ಬರ್ ಹೋದ ತೂತಿನೊಳಗೆ ಒತ್ತಿ ಕೂರಿಸಿದ. ಪಿನ್ನಿಗೆ ಎರಡು ಹನಿ ಎಣ್ಣೆ ಬಿಟ್ಟ. ಸೀಟನ್ನು ಕೆಳಗಿಳಿಸಿ ಅಂಗೈಯಿಂದ ಎರಡು ಸಲ ಬಡಿದು ನೋಡಿದ. ಎಲ್ಲ ಸೇರಿ ಐದು ನಿಮಿಷವೂ ಆಗಲಿಲ್ಲ. ತಾರಾನಾಥ ಪಕ್ಕದಲ್ಲಿ ನಿಂತು ಆ ಕೈಗಳನ್ನೇ ನೋಡುತ್ತಿದ್ದ.

“ಚೆನ್ನಪ್ಪಣ್ಣ, ಆ ದಿನ ನಾನು ಸಿಗ್ನಲ್ ಇಲ್ಲದೆ ಎತ್ತಿದೆ.”

ಚೆನ್ನಪ್ಪ ರಬ್ಬರಿನ ಚೂರುಗಳನ್ನು ಹೆಕ್ಕುತ್ತಿದ್ದ. ಹೆಕ್ಕುವುದನ್ನು ನಿಲ್ಲಿಸಲಿಲ್ಲ.

“ಗೊತ್ತು. ನಾನು ತಿರುಗಿ ನೋಡುವಾಗ ಹುಕ್ಕು ಏಳ್ತಾ ಇತ್ತು.”

“ಆಫೀಸಲ್ಲಿ ನೀವು ಹೇಳಬಹುದಿತ್ತು.”

“ಹೇಳಬಹುದಿತ್ತು.” ಅವನು ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಂಡ. “ನನ್ನದೂ ತಪ್ಪೇ ಮಾರಾಯ. ಫೋನು ಕೈಯಲ್ಲಿತ್ತು. ನೀನು ಅದನ್ನು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ. ಸುಳ್ಳು ಹೇಳು ಅಂತ ನಾನು ಹೇಳ್ತಿದ್ದೆನಾ? ನಿನ್ನದನ್ನು ನೀನೇ ಹೇಳ್ತೀಯ ಅಂತ ಕಾದೆ. ಒಂದು ವಾರ ಕಾದೆ. ಒಂದು ತಿಂಗಳು ಕಾದೆ. ಮತ್ತೆ ಬಿಟ್ಟೆ.”

“ಹೆದರಿಕೆ ಆಯ್ತು. ಈ ಕೆಲಸ ಬಿಟ್ಟರೆ ನನಗೆ ಬೇರೆ ಎಂತ ಉಂಟು?”

ಚೆನ್ನಪ್ಪ ಚಪ್ಪಲಿಯನ್ನೂ ಕತ್ತಿಯನ್ನೂ ಎತ್ತಿ ಜಗಲಿಯ ಮೇಲಿಟ್ಟ.

“ನಾಳೆ ಮಂಗಳಾದೇವಿ ಹತ್ತಿರ ನಿಲ್ಲಿಸಲಾ?”

“ಬೇಡ. ಬಸ್ಸು ಅಭ್ಯಾಸ ಆಗಿದೆ,” ಎಂದ ಚೆನ್ನಪ್ಪ. ಬಾಗಿಯಕ್ಕ ಒಳಗಿನಿಂದ ತಿಂಡಿಗೆ ಕರೆದಳು. ತಾರಾನಾಥ ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಹೊರಟ.

ಮರುದಿನ ಬೆಳಿಗ್ಗೆ ಮುಳ್ಳು ನಲವತ್ತು ದಾಟಿತು, ಐವತ್ತು ದಾಟಿತು. ಜೀಪು ತೆಪ್ಪಗೆ ಓಡಿತು. ಐದು ತಿಂಗಳು ಆ ಸದ್ದಿನ ಹಿಂದೆಯೇ ಅವನ ಮನಸ್ಸು ಓಡುತ್ತಿತ್ತು. ಅದು ನಿಂತ ಮೇಲೆ ಆ ದಾರಿ ಎಷ್ಟು ಉದ್ದ ಎಂದು ಮೊದಲ ಸಲ ಗೊತ್ತಾಯಿತು. ಬಂದರು ಮುಟ್ಟಿದವನು ಕ್ರೇನಿನ ಏಣಿ ಹತ್ತದೆ ನೇರ ಆಫೀಸಿಗೆ ಹೋದ. ಅಲ್ಲಿ ಮ್ಯಾನೇಜರ್ ಸುಜಿತ್ ಆಗತಾನೇ ಬಂದು ಕುಳಿತಿದ್ದರು.

“ಆ ದಿಮ್ಮಿಯ ವಿಷಯ ಸರ್. ನನ್ನ ಹೇಳಿಕೆಯಲ್ಲಿ ಒಂದು ಬಿಟ್ಟು ಹೋಗಿದೆ.”

ಪೂರ್ತಿ ಕೇಳಿ ಸುಜಿತ್ ಹಣೆ ಉಜ್ಜಿಕೊಂಡರು. “ಫೈಲ್ ಮುಚ್ಚಿ ಆಗಿದೆ ತಾರಾನಾಥ. ಈಗ ಇದೆಲ್ಲ ಎಂತಕ್ಕೆ? ನಿಮಗೇ ತೊಂದರೆ.”

“ಇರಲಿ ಸರ್. ಬರೆದು ಕೊಡ್ತೇನೆ.”

ಬರೆದು, ಓದಿ, ಸಹಿ ಹಾಕಿ ಕೊಟ್ಟ. ಆಮೇಲೆ ಗೋದಾಮಿನ ಹಿಂದಿನ ಚಹಾದ ಗೂಡಂಗಡಿಯಲ್ಲಿ ಹನುಮಂತನನ್ನು ಹುಡುಕಿ ಅವನಿಗೂ ಹೇಳಿದ. ಹನುಮಂತ ತನ್ನ ಪಾದವನ್ನು ನೋಡಿಕೊಂಡು, “ಹೋದ ಬೆರಳೇನು ಬರಂಗಿಲ್ಲ ಬಿಡ್ರಿ. ಆದ್ರ ನೀವಾಗೇ ಬಂದು ಹೇಳಿದ್ರಲ್ಲ,” ಎಂದ. ಚಹಾ ಕುಡಿಯಿರಿ ಎಂದು ಅವನು ಹೇಳಲಿಲ್ಲ. ತಾರಾನಾಥ ಚಹಾ ಕುಡಿಯದೆ ವಾಪಸಾದ.

ಆರು ತಿಂಗಳು ಕ್ರೇನ್ ಹತ್ತಬಾರದೆಂದು ಆದೇಶವಾಯಿತು. ಅವನನ್ನು ತಂತಿ ಹಗ್ಗಗಳ ಸ್ಟೋರಿಗೆ ಹಾಕಿದರು. ಹಗ್ಗಗಳನ್ನು ಎಣಿಸಿ ಕೊಡುವುದು, ಎಣಿಸಿ ವಾಪಸು ಇಡುವುದು. ಚೆನ್ನಪ್ಪ ಹಳೆಯ ಕೆಲಸಕ್ಕೆ ಮರಳಲಿಲ್ಲ. ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಅವನ ಕಡತದಿಂದ ಎಚ್ಚರಿಕೆಯ ಪತ್ರವನ್ನು ತೆಗೆದರೆಂದು ಯಾರೋ ಹೇಳಿದರು. ಚೆನ್ನಪ್ಪ ಅದರ ಬಗ್ಗೆ ಮಾತಾಡಲು ಬರಲಿಲ್ಲ. ಬೆಳಿಗ್ಗೆ ಮಂಗಳಾದೇವಿಯ ಹತ್ತಿರ ಅವನು ಬಸ್ಸಿಗೆ ಕಾಯುತ್ತಿರುವುದು ಕಾಣುತ್ತಿತ್ತು. ತಾರಾನಾಥ ವೇಗ ತಗ್ಗಿಸುತ್ತಿದ್ದ, ನಿಲ್ಲಿಸುತ್ತಿರಲಿಲ್ಲ.

ಮೇ ಕೊನೆಯ ಒಂದು ಮಧ್ಯಾಹ್ನ ಅವನು ಕ್ಯಾಂಟೀನಿಗೆ ಹೋಗುವಾಗ ತಡವಾಗಿತ್ತು. ತೂಕದ ಕಟ್ಟೆಯವರು ಒಂದು ಮೇಜಿನಲ್ಲಿ ಕುಳಿತಿದ್ದರು, ಚೆನ್ನಪ್ಪನೂ ಇದ್ದ. ತಾರಾನಾಥ ಅವರನ್ನು ದಾಟಿ ಹೋಗುವಾಗ ಚೆನ್ನಪ್ಪ ತಟ್ಟೆಯಿಂದ ತಲೆ ಎತ್ತಿದ.

“ಊಟ ಆಯ್ತಾ?”

“ಇಲ್ಲ. ಈಗ ಆಗಬೇಕಷ್ಟೆ.”

“ಬೇಗ ಹೋಗು. ಮೀನು ಮುಗೀತಾ ಬಂತು.”

ಅಷ್ಟು ಹೇಳಿ ಚೆನ್ನಪ್ಪ ತನ್ನ ಮೇಜಿನವರ ಮಾತಿಗೆ ಮರಳಿದ. ತಾರಾನಾಥ ಬಡಿಸುವಲ್ಲಿಗೆ ಹೋಗುವಷ್ಟರಲ್ಲಿ ಮೀನು ಮುಗಿದೇ ಹೋಗಿತ್ತು. ಅನ್ನ, ಸಾರು, ಸ್ವಲ್ಪ ಉಪ್ಪಿನಕಾಯಿ ಹಾಕಿಸಿಕೊಂಡು ಕಿಟಕಿಯ ಪಕ್ಕದ ಮೇಜಿನಲ್ಲಿ ಒಬ್ಬನೇ ಕುಳಿತ. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಅವನು ಒಂದು ಅಗುಳೂ ಬಿಡದೆ ಉಂಡ.