ಬೆರಳಿಗೆ ಮಾತ್ರ ಕಾಣುವ ಜಾಗ

ವಾಯುನೆಲೆಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು. ಇಪ್ಪತ್ತಕ್ಕೆ ಕೆಲಸಕ್ಕೆ ಸೇರಿ, ಮೊದಲ ಹನ್ನೆರಡು ವರ್ಷ ತಗಡಿನ ವಿಭಾಗದಲ್ಲಿ ರಿವೆಟ್ ಗನ್ ಹಿಡಿದು ರೆಕ್ಕೆಗಳಿಗೆ ತಗಡು ಜೋಡಿಸುವ ರಿವೆಟ್ ಮೊಳೆ ಬಡಿದಿದ್ದಳು. ಗನ್ ಅದುರಿದರೆ ಹಲ್ಲಿನ ಬುಡದವರೆಗೂ ಅದುರುತ್ತಿತ್ತು. ಆಮೇಲೆ ಹೊರಗಿನ ಸಾಲಿಗೆ, ಅಂದರೆ ವಿಮಾನಗಳು ಹಾರುವ ಮುಂಚೆ ಬಂದು ನಿಲ್ಲುವ ಕಾಂಕ್ರೀಟಿನ ಅಂಗಳಕ್ಕೆ ಬಂದಳು. ಈಗ ಒಂಬತ್ತು ವರ್ಷದಿಂದ ಆ ಸಾಲಿನ ಮೇಲ್ವಿಚಾರಕಿ. ಹದಿನಾಲ್ಕು ಯುದ್ಧವಿಮಾನ, ಮೂವತ್ತೊಂದು ಕೆಲಸಗಾರರು. ಅವಳ ಸಹಿ ಬೀಳದೆ ಒಂದು ಚಕ್ರವೂ ಉರುಳುತ್ತಿರಲಿಲ್ಲ.

ಎಂಜಿನ್ನಿನ ಪಕ್ಕ, ಇಂಧನ ಪಂಪಿನ ಬೆನ್ನಿಗೆ, ಒಂದು ಜಾಗವಿದೆ. ಅಲ್ಲಿಗೆ ಟಾರ್ಚಿನ ಬೆಳಕು ಬೀಳುವುದಿಲ್ಲ, ಕನ್ನಡಿ ಹಿಡಿದರೂ ಕಾಣುವುದಿಲ್ಲ. ಎರಡು ಬೆರಳು ಮಾತ್ರ ಹೋಗುತ್ತವೆ. ಬೋಲ್ಟು ಸಡಿಲವಾಗದಂತೆ ಅಲ್ಲಿ ಸಣ್ಣ ಉಕ್ಕಿನ ತಂತಿಯೊಂದನ್ನು ಹೆಣೆದು ಬಿಗಿದಿರುತ್ತಾರೆ. ಮೆಕ್ಯಾನಿಕ್ ಬಿಗಿದ ಮೇಲೆ ಮೇಲ್ವಿಚಾರಕಿ ಬೆರಳು ತೂರಿಸಿ, ತಂತಿ ಇದೆಯೇ, ಸರಿಯಾದ ಕಡೆಗೆ ಎಳೆದಿದೆಯೇ ಎಂದು ನೋಡಬೇಕು. ಇದು ಬೆರಳಿನಿಂದಲೇ ನೋಡುವ ಕೆಲಸ.

ಆ ದಿನ ಬೆಳಿಗ್ಗೆ ಚಳಿಗಾಳಿ ಬೀಸುತ್ತಿತ್ತು. ಹೊಸದಾಗಿ ತಂತಿ ಬಿಗಿದ ಮೂರು ವಿಮಾನಗಳ ಹಾರಾಟವಿತ್ತು. ಮೂರಕ್ಕೂ ಬೆರಳು ತೂರಿಸಿದಳು, ತಲೆಯಾಡಿಸಿದಳು, ಸಹಿ ಹಾಕಿದಳು. ಮೂರೂ ಕಿವಿ ಹರಿಯುವಂತೆ ಸದ್ದು ಮಾಡುತ್ತ ಮೇಲೆದ್ದು ಹೋದವು. ದಾಖಲೆ ಪುಸ್ತಕ ಮುಚ್ಚಲು ಹೋದಾಗ ಹಾಳೆಯ ಮೇಲೆ ಕೆಂಪು ಕಂಡಿತು. ಮೊದಲು ಬಣ್ಣವೋ ಎಣ್ಣೆಯೋ ಎಂದುಕೊಂಡಳು. ಕೈ ತಿರುಗಿಸಿದರೆ, ತೋರುಬೆರಳೂ ನಡುಬೆರಳೂ ತುದಿಯಲ್ಲಿ ಸೀಳಿ ರಕ್ತ ಮಣಿಕಟ್ಟಿನವರೆಗೂ ಇಳಿದಿತ್ತು. ತಂತಿಯ ತುದಿ ಕೊಯ್ದಿತ್ತು. ಅವಳಿಗೆ ತಿಳಿದೇ ಇರಲಿಲ್ಲ.

ಎಂಜಿನ್ ಮೆಕ್ಯಾನಿಕ್ ಪಕ್ಕದಲ್ಲೇ ಇದ್ದ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದಕ್ಕೇ ಅವನಿಗೆ ರೇಡಿಯೋ ಎಂದು ಅಡ್ಡಹೆಸರು.

"ಚಿಂದಿ ತರ್ಲಾ?" ಎಂದ.

"ಬೇಡ" ಎಂದು ಅವಳು ಆ ಬೆರಳುಗಳನ್ನು ಮೇಜಿನ ಅಂಚಿಗೆ ಒತ್ತಿದಳು. ಇನ್ನೂ ಜೋರಾಗಿ ಒತ್ತಿದಳು. ಮೇಜು ಇದೆ ಎಂದು ಕಣ್ಣು ಹೇಳಿತು, ಬೆರಳು ಹೇಳಲಿಲ್ಲ. ಅವಳಿಗೆ ಗಾಬರಿಯಾಗಲಿಲ್ಲ. ಯಾರದೋ ಕೈಯನ್ನು ನೋಡಿದ ಹಾಗಿತ್ತು. ಕರವಸ್ತ್ರ ಸುತ್ತಿಕೊಂಡು ನೆಟ್ಟಗೆ ಎಂಜಿನಿಯರಿಂಗ್ ಅಧಿಕಾರಿಯ ಕೋಣೆಗೆ ನಡೆದಳು.

"ಸರ್, ಮೂರನ್ನೂ ವಾಪಸ್ ಕರೆಸಿ."

ಅಧಿಕಾರಿ ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಕೆಟ್ಟವನಲ್ಲ. ಎಲ್ಲವನ್ನೂ ಕೇಳಿಸಿಕೊಂಡ. "ಬೆರಳು ಕೊಯ್ದಿದೆ ಅಂದ್ರೆ ತಂತಿ ಇದೆ ಅಂತ ತಾನೇ ಅರ್ಥ?"

"ಒಂದರಲ್ಲಿ ಇದೆ ಸರ್. ಯಾವುದರಲ್ಲಿ ಅಂತ ಗೊತ್ತಿಲ್ಲ."

"ಇವತ್ತು ಮೇಲಿನವರು ನೋಡೋಕೆ ಬಂದಿದ್ದಾರೆ, ದೊಡ್ಡಕ್ಕ. ನಾಳೆ ನೋಡ್ಕೊಂಡ್ರೆ ಆಗಲ್ವಾ?"

"ನನ್ನ ಸಹಿ ನಾನು ವಾಪಸ್ ತಗೋತಿದ್ದೀನಿ. ಬರೆದುಕೊಡ್ಲಾ, ಇಲ್ಲ ಬಾಯಲ್ಲಿ ಹೇಳಿದ್ದು ಸಾಕಾ?"

ಅವನು ಅವಳ ಕರವಸ್ತ್ರ ನೋಡಿದ, ಗಡಿಯಾರ ನೋಡಿದ, ಫೋನ್ ಎತ್ತಿದ.

ಇಪ್ಪತ್ತೈದು ನಿಮಿಷಕ್ಕೆ ಮೂರೂ ಇಳಿದವು. ಎಂಜಿನ್ ತಣಿಯುವವರೆಗೆ ಕಾದು, ರೇಡಿಯೋ ಒಂದೊಂದಕ್ಕೂ ಬೆರಳು ಹಾಕಿದ. "ಇದೆ" ಎಂದ. "ಇದೆ." ಮೂರನೆಯದಕ್ಕೂ "ಇದೆ." ನೋಡಲು ಬಂದಿದ್ದವರು ಕಾರು ಹತ್ತಿ ಹೊರಟುಹೋದರು. ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲ ಎಂದು ಯಾರೋ ಗೊಣಗಿದ್ದು ಅವಳಿಗೂ ಕೇಳಿಸಿತು. ಮಾತು ಸರಿಯಾಗಿಯೇ ಇದೆ ಎನಿಸಿತು, ಅಷ್ಟೆ.

ಆದರೆ ಒಂದು ಸಹಿ ಸುಳ್ಳಾದರೆ ಹಿಂದಿನವೂ ಅಲುಗಾಡುತ್ತವೆ. ಹದಿನಾಲ್ಕನ್ನೂ ಬಿಚ್ಚಿ ನೋಡಬೇಕೆಂದು ಆದೇಶವಾಯಿತು. ಎರಡು ದಿನ ಇಡೀ ಸಾಲು ಹೊಟ್ಟೆ ತೆರೆದುಕೊಂಡು ನಿಂತಿತು. ಹನ್ನೊಂದನೆಯದರ ಹತ್ತಿರ ರೇಡಿಯೋ ಬಹಳ ಹೊತ್ತು ಕೈ ಆಚೆ ತೆಗೆಯಲಿಲ್ಲ. ಅಲ್ಲಿ ತಂತಿ ಇತ್ತು, ಆದರೆ ತಿರುಗುಮುರುಗು. ಬೋಲ್ಟನ್ನು ಬಿಗಿ ಹಿಡಿಯಬೇಕಾದದ್ದು ಸಡಿಲಿಸುವ ಕಡೆಗೆ ಎಳೆಯುತ್ತಿತ್ತು. ದಾಖಲೆಯಲ್ಲಿ, ತಂತಿ ಬಿಗಿದ ದಿನದ್ದು, ಐದು ವಾರ ಹಿಂದಿನ ಅವಳ ಸಹಿ. ಆಮೇಲೆ ಅದು ಹತ್ತೊಂಬತ್ತು ಸಲ ಹಾರಿತ್ತು. ಬೋಲ್ಟು ಕಾಲು ಸುತ್ತು ಸಡಿಲವಾಗಿತ್ತು.

ಅದನ್ನು ಬಿಗಿದಿದ್ದ ಇನ್ನೊಬ್ಬ ಮೆಕ್ಯಾನಿಕ್ ಎಲ್ಲರೆದುರು ಅತ್ತುಬಿಟ್ಟ. ಅವಳು ಅವನ ಹೆಗಲ ಮೇಲೆ ಕೈಯಿಟ್ಟು, "ನೀನು ತಪ್ಪು ಮಾಡಿದೆ, ನಾನು ಹಿಡೀಬೇಕಿತ್ತು. ಅದಕ್ಕೇ ಅಲ್ವಾ ಇಬ್ಬರನ್ನ ಇಟ್ಟಿರೋದು" ಎಂದಳು. ಹತ್ತೊಂಬತ್ತು ಎಂಬ ಸಂಖ್ಯೆಯನ್ನು ಮನಸ್ಸಿನಲ್ಲೇ ಹಲವು ಸಲ ಹೇಳಿಕೊಂಡಳು. ಎದೆಯೊಳಗೆ ಏನಾದರೂ ಆಗುತ್ತದೆಂದು ಕಾದಳು. ಏನೂ ಆಗಲಿಲ್ಲ. ಹಸಿವಾಯಿತು, ಹೋಗಿ ಊಟ ಮಾಡಿದಳು.

ವಾಯುನೆಲೆಯ ಆಸ್ಪತ್ರೆಯಲ್ಲಿ ವೈದ್ಯೆ ಅವಳ ಕಣ್ಣು ಮುಚ್ಚಿಸಿ ಸೂಜಿ ತಾಗಿಸಿದಳು. "ಈಗ? ಈಗ?" ಎಂದು ಕೇಳಿದಾಗಲೆಲ್ಲ ಅವಳು ಅಂದಾಜಿನ ಮೇಲೆ ಹೌದು, ಇಲ್ಲ ಎನ್ನುತ್ತಿದ್ದಳು. ಕಡೆಯ ಸಲ ಹೌದೆಂದು ಕಣ್ಣು ಬಿಟ್ಟಾಗ ವೈದ್ಯೆ ಸೂಜಿಯನ್ನು ಆಗಲೇ ಡಬ್ಬಿಗೆ ಹಾಕಿದ್ದಳು.

"ಗನ್ ಹಿಡಿದ ವರ್ಷಗಳದ್ದು ಇದು. ನರ ಸತ್ತಿದೆ. ಚಳಿಗೆ ಬೆರಳು ಬಿಳಿಚಿಕೊಳ್ತಿತ್ತಾ?"

"ಇಲ್ಲಿ ಎಲ್ಲರಿಗೂ ಹಾಗೇ ಆಗುತ್ತೆ ಅಂದ್ಕೊಂಡಿದ್ದೆ."

ಅವಳ ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಸಂಜೆ ಅವಳು ಇಸ್ತ್ರಿ ಮೇಜಿನ ಪಕ್ಕ ಕುಳಿತು ಎಲ್ಲವನ್ನೂ ಹೇಳಿದಳು. ಅವನು ಹೊಲಿಗೆ ನಿಲ್ಲಿಸಲಿಲ್ಲ, ತುಳಿತ ಮಾತ್ರ ನಿಧಾನವಾಯಿತು.

"ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ನಿನಗೆ ಕನ್ನಡೀನೂ ಬೇಕು, ಡಾಕ್ಟರೂ ಬೇಕು" ಎಂದ.

"ನಿಮಗೆ ಗೊತ್ತಿತ್ತಾ?"

"ಎರಡು ವರ್ಷದಿಂದ ನಿನ್ನ ತೋಳಿನ ಗುಂಡಿ ಹಾಕ್ತಿರೋದು ಯಾರು? ಬಸ್ಸಿಗೆ ಹೊತ್ತಾಯ್ತು, ನೀವೇ ಹಾಕಿ ಅಂತಿದ್ದೆ. ಅವಸರ ಅಂದ್ಕೊಂಡು ಸುಮ್ಮನಿದ್ದೆ. ಇಲ್ಲ, ಸುಳ್ಳು. ಗೊತ್ತಿತ್ತು. ಕೇಳಿದ್ರೆ ನೀನು ಕೆಲಸ ಬಿಡಬೇಕಾಗುತ್ತೆ ಅಂತ ಕೇಳಲಿಲ್ಲ."

ಬೆರಳಿಗೆ ಗುಂಡಿ ಸಿಗುತ್ತಿಲ್ಲವೆಂದು ಅವಳಿಗೂ ಗೊತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅಂದೂ ಹೇಳಲಿಲ್ಲ. ಎದ್ದು ಅವನು ಹೊಲಿದಿಟ್ಟ ಬಟ್ಟೆಗಳನ್ನು ಮಡಿಸತೊಡಗಿದಳು.

ಅವಳನ್ನು ದಾಖಲೆ ಕೋಣೆಗೆ ಹಾಕಿದರು, ಸಾಲು ರೇಡಿಯೋನ ಪಾಲಿಗೆ ಬಂತು. ಸಾಲಿನಲ್ಲಿ ಅವಳ ಕಡೆಯ ದಿನ ಅವನು ಅವಳನ್ನು ಒಂದು ವಿಮಾನದ ಬಳಿಗೆ ಕರೆದೊಯ್ದ. "ಆ ಜಾಗ ಇನ್ನೊಂದ್ಸಲ ಹೇಳಿಕೊಡಿ. ಇರೋದು ತಿಳಿಯುತ್ತೆ, ಯಾವ ಕಡೆ ಎಳೆದಿದೆ ಅಂತ ಬೇಗ ತಿಳಿಯಲ್ಲ."

"ಬೆರಳು ಮಡಿಸಬೇಡ, ಚಪ್ಪಟೆ ಬಿಡು. ಹೆಣಿಗೆ ಸಿಕ್ತಾ? ಅದರ ಮೇಲೇ ಜಾರ್ಕೊಂಡು ಹೋಗು. ಬೋಲ್ಟಿನ ಬಲಗಡೆ ಸುತ್ತಿ ಬಂದ್ರೆ ಸರಿ."

"ಬಲಗಡೆನೇ ಇದೆ."

"ಹೇಗಿದೆ?"

ರೇಡಿಯೋ ಬೆರಳನ್ನು ಮತ್ತೊಮ್ಮೆ ಜಾರಿಸಿದ. ಅವಳು ಕೇಳುತ್ತಿರುವುದು ಪಾಠದ ಪ್ರಶ್ನೆಯಲ್ಲವೆಂದು ಅವನಿಗೆ ತಿಳಿಯಿತು. "ತಣ್ಣಗಿದೆ" ಎಂದ. "ಹಗ್ಗದ ಥರ ಸಣ್ಣ ಸಣ್ಣ ಗಂಟು. ತುದೀಲಿ ಚುಚ್ಚುತ್ತೆ."

"ಹೂಂ" ಎಂದಳು.

ದಾಖಲೆ ಕೋಣೆಯಲ್ಲಿ ಅವಳು ಇನ್ನೂ ನಾಲ್ಕು ವರ್ಷ ಕೆಲಸ ಮಾಡಿದಳು. ಅವಳು ಕೊಟ್ಟ ಅರ್ಜಿಯಿಂದ ತಗಡಿನ ವಿಭಾಗದವರಿಗೆ ವರ್ಷಕ್ಕೊಮ್ಮೆ ಬೆರಳಿನ ಪರೀಕ್ಷೆ ಕಡ್ಡಾಯವಾಯಿತು. ಮೊದಲ ವರ್ಷವೇ ಬೆರಳು ಮರಗಟ್ಟಿದ ಆರು ಮಂದಿ ಸಿಕ್ಕಿಬಿದ್ದರು. ಇಬ್ಬರು ಅವಳೊಂದಿಗೆ ಮಾತು ಬಿಟ್ಟರು, ಒಬ್ಬಳು ಆ ಕೋಣೆಗೇ ಬಂದು ಎದುರಿನ ಮೇಜಿಗೆ ಕುಳಿತಳು. ಹಾಳೆ ತಿರುವುವಾಗ ಒಂದರ ಬದಲು ಎರಡು ಬರುತ್ತವೆಂದು ಇಬ್ಬರೂ ರಬ್ಬರಿನ ಬೆರಳುಟೋಪಿ ಹಾಕಿಕೊಳ್ಳುತ್ತಿದ್ದರು.