ಉಣ್ಣೆಯ ಗುರುತು

ಮಕ್ಕಳು ನನ್ನನ್ನು ಕೇಳುವುದನ್ನು ಬಿಟ್ಟು ಸಿದ್ದಕ್ಕನನ್ನು ಕೇಳತೊಡಗಿದ್ದು ಯಾವತ್ತಿನಿಂದ ಎಂಬುದು ನನಗೆ ಸರಿಯಾಗಿ ನೆನಪಿದೆ. ಹಿನ್ನೀರಿನ ಹಸಿ ಮಣ್ಣಿನಲ್ಲಿ ಸಾಲಾಗಿ ಹೆಜ್ಜೆಗಳು ಮೂಡಿದ್ದವು. ಇದು ಯಾವ ಪ್ರಾಣಿಯದು ಎಂದು ನಾನು ಮಕ್ಕಳನ್ನು ಕೇಳಿದೆ. ಅವರು ತಿರುಗಿ ನನ್ನನ್ನೇ ಕೇಳಿದರು. ನಾಯಿಯದು ಎಂದೆ.

ಹಿಂದೆ ನಿಂತಿದ್ದ ಸಿದ್ದಕ್ಕ ಮೆಲ್ಲಗೆ ಹೇಳಿದಳು: "ನರಿದು ಇರಬೇಕ್ರಿ ಅಕ್ಕಾರ. ನಾಯಿದಾದ್ರ ಅಲ್ಲೊಂದು ಇಲ್ಲೊಂದು ಮೂಸಕೋತ ಹೋಗತಿತ್ತು. ಇದು ನೋಡ್ರಿ, ಗೆರಿ ಹೊಡದಂಗ ಹೋಗೇತಿ."

ಹತ್ತೊಂಬತ್ತು ಮಕ್ಕಳೂ ಆ ಗೆರೆಯನ್ನು ಹಿಡಿದು ಓಡಿದರು. ನನ್ನ ಮಗಳು ಶೀತಲ್ ಎಲ್ಲರಿಗಿಂತ ಮುಂದಿದ್ದಳು.

ಅದು ೨೦೦೫ನೇ ಇಸವಿ. ಬೀಳಗಿಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಹಳೆಯ ಊರು ಮುಳುಗಿದ ಮೇಲೆ ದಿಬ್ಬದ ಮೇಲೆ ಎದ್ದ ಹೊಸ ಊರಿನ ಕೊನೆಯಲ್ಲಿ ನಮ್ಮ ಶಾಲೆ. ನಾನು ಮೂರನೇ ತರಗತಿಗೆ ಕಲಿಸುತ್ತಿದ್ದೆ. ಶೀತಲ್ ಕೂಡ ಅದೇ ತರಗತಿಯಲ್ಲಿದ್ದಳು. ಶಾಲೆಯಲ್ಲಿ ನನ್ನನ್ನು ಅವ್ವಾ ಎನ್ನಬಾರದು, ಎಲ್ಲರಂತೆ ಅಕ್ಕಾರ ಎನ್ನಬೇಕು ಎಂದು ಮೊದಲ ದಿನವೇ ಹೇಳಿದ್ದೆ. ಅವಳು ಅದನ್ನು ತಪ್ಪದೆ ಪಾಲಿಸುತ್ತಿದ್ದಳು. ಸಿದ್ದಕ್ಕನನ್ನು ಮಾತ್ರ ಎಲ್ಲ ಮಕ್ಕಳೂ ಆಯಿ ಎನ್ನುತ್ತಿದ್ದರು. ಅವಳಿಗೆ ಯಾರೂ ನಿಯಮ ಹಾಕಿರಲಿಲ್ಲ.

ಶನಿವಾರ ಮುಂಜಾನೆ ಮಕ್ಕಳನ್ನು ಹಿನ್ನೀರಿನ ದಂಡೆಗೆ ಕರೆದೊಯ್ಯುವುದು ನನ್ನದೇ ಯೋಚನೆ. ಜಮಖಂಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದೆ. ಪಾಠದಲ್ಲಿನ ಕೆರೆ, ಕೊಕ್ಕರೆ, ಕಪ್ಪೆಗಳನ್ನು ಹಲಗೆಯ ಮೇಲೆ ಬರೆದು ತೋರಿಸುವ ಬದಲು ಮಕ್ಕಳು ಕಣ್ಣಾರೆ ನೋಡಲಿ ಎಂದಿದ್ದೆ. ಒಬ್ಬೊಬ್ಬರಿಗೂ ಒಂದು ನೋಟಬುಕ್ಕು, ಎಲ್ಲರಿಗೂ ಒಂದೇ ನಿಯಮ: ಕಂಡದ್ದನ್ನಷ್ಟೇ ಬರೆಯಬೇಕು. ಯಾರೋ ಹೇಳಿದ್ದನ್ನಾಗಲಿ, ತಾನು ಊಹಿಸಿದ್ದನ್ನಾಗಲಿ ಬರೆಯಬಾರದು. ನೀರಿನ ಹತ್ತಿರ ಚಿಕ್ಕ ಮಕ್ಕಳು, ಒಬ್ಬರೇ ಬೇಡ ಎಂದು ಮುಖ್ಯ ಗುರುಗಳು ಬಿಸಿಯೂಟದ ಅಡುಗೆ ಮಾಡುವ ಸಿದ್ದಕ್ಕನನ್ನು ಜೊತೆಗೆ ಕಳಿಸಿದರು. ಅವಳದು ಕುರಿ ಕಾಯುವ ಮನೆತನ. ಗಂಡ ಹುಲೆಪ್ಪನ ಹಿಂಡು ದಿನಾ ಹಿನ್ನೀರಿಗೆ ನೀರು ಕುಡಿಯಲು ಬರುತ್ತಿತ್ತು.

ನಾನು ಹಿಂದಿನ ರಾತ್ರಿ ಓದಿಕೊಂಡು ಹೋದದ್ದನ್ನು ಅವಳು ಸುಮ್ಮನೆ ನಿಂತಲ್ಲಿಂದ ಹೇಳುತ್ತಿದ್ದಳು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಅವಳು ಹೇಳುವಾಗ ಮಕ್ಕಳ ಮುಖಗಳು ಬೇರೆಯೇ ಆಗುತ್ತಿದ್ದವು. ಆ ಮುಖಗಳು ಒಂದು ಸಲವಾದರೂ ನನ್ನ ಕಡೆ ತಿರುಗಲಿ ಎಂದು ನಾನು ಶನಿವಾರದಿಂದ ಶನಿವಾರಕ್ಕೆ ಕಾಯುತ್ತಿದ್ದೆ.

ಮಾರ್ಚಿನಲ್ಲಿ ನೀರು ಹಿಂದೆ ಸರಿದು ದಂಡೆಯ ಗರಸು ನೆಲ ಬಯಲಾಯಿತು. ಒಂದು ಶನಿವಾರ ನಮ್ಮ ತಲೆಯ ಮೇಲೆ ಹಕ್ಕಿಯೊಂದು ಚೀರುತ್ತ ಸುತ್ತತೊಡಗಿತು. ಇದು ಟಿಟ್ಟಿಭ, ಬಯಲು ನೆಲದ ಮೇಲೆ ಮೊಟ್ಟೆ ಇಡುತ್ತದೆ ಎಂದು ನಾನು ದೊಡ್ಡ ದನಿಯಲ್ಲಿ ಹೇಳಿದೆ. ಮೊಟ್ಟೆ ಎಲ್ಲಿ ಎಂದರು ಮಕ್ಕಳು. ಹುಡುಕಿದೆ, ಸಿಗಲಿಲ್ಲ.

ಸಿದ್ದಕ್ಕ ಮಕ್ಕಳನ್ನೆಲ್ಲ ದೂರ ಕರೆದು ಕೂರಿಸಿದಳು. "ನೀವು ಹುಡಕಬ್ಯಾಡ್ರಿ. ಸುಮ್ಮ ಕುಂಡ್ರಿ. ಅದ ನಡಕೋತ ಬಂದು ತತ್ತಿ ಮ್ಯಾಲ ಕುಂಡರತೈತಿ."

ಹಾಗೆಯೇ ಆಯಿತು. ಮಣ್ಣಿನ ಬಣ್ಣದ, ಕಪ್ಪು ಚುಕ್ಕೆಯ ನಾಲ್ಕು ಮೊಟ್ಟೆಗಳು, ಚೂಪು ತುದಿಗಳೆಲ್ಲ ಒಳಮುಖವಾಗಿ, ಸುತ್ತ ಕುರಿಯ ಹಿಕ್ಕೆ. ಮೊದಲು ಕಂಡವಳು ಶೀತಲ್. ಕಂಡೊಡನೆ ಅವಳು ಕೂಗಿದ್ದು "ಆಯಿ" ಎಂದು.

ಹೊರಡುವ ಮುಂಚೆ ಸಿದ್ದಕ್ಕ ಸೊಂಟದ ಎಲೆ ಅಡಿಕೆ ಚೀಲದಿಂದ ಕರಿ ಉಣ್ಣೆಯ ಎಳೆ ತೆಗೆದು, ಗೂಡಿನಿಂದ ತುಸು ದೂರ, ಕಾಲುದಾರಿಯ ಪಕ್ಕದ ಜಾಲಿ ಕಂಟಿಗೆ ಕಟ್ಟಿದಳು. ಬಗ್ಗಿ ಶೀತಲ್‌ಗೆ ಏನೋ ಹೇಳಿದಳು. ಶೀತಲ್ ಗಂಟನ್ನು ಎಳೆದು ನೋಡಿ ತಲೆಯಾಡಿಸಿದಳು. ನಾನು ದೂರದಲ್ಲಿ ಮಕ್ಕಳನ್ನು ಎಣಿಸುತ್ತಿದ್ದೆ. ಗೂಡು ಮತ್ತೆ ತನಗೇ ಸಿಗಲಿ ಎಂದು ಗುರುತು ಮಾಡಿಕೊಂಡಳು ಎಂದುಕೊಂಡೆ. ಏನದು ಎಂದು ಕೇಳಬಹುದಿತ್ತು. ಅವಳನ್ನು ಕೇಳುವ ಮಕ್ಕಳ ಸಾಲಿನಲ್ಲಿ ನಾನೂ ನಿಲ್ಲಬೇಕಲ್ಲ ಎಂದು ಕೇಳಲಿಲ್ಲ.

ಮುಂದಿನ ಶುಕ್ರವಾರ ಶಾಲೆ ಬಿಟ್ಟ ಮೇಲೆ ಶೀತಲ್ ಸಿದ್ದಕ್ಕನ ಮನೆಯಲ್ಲಿ ಕುರಿಮರಿಗಳ ಜೊತೆ ಆಡುತ್ತಿದ್ದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನೊಬ್ಬಳೇ ದಂಡೆಗೆ ಹೋದೆ. ದೊಡ್ಡ ಬಂಡೆಯಿಂದ ಗೂಡಿಗೆ ಮೂವತ್ತೆರಡು ಹೆಜ್ಜೆ. ಎರಡು ಸಲ ಎಣಿಸಿದೆ. ಬಳಿಕ ಕಂಟಿಯ ಬಳಿ ಬಂದು ಉಣ್ಣೆಯ ಗಂಟು ಬಿಚ್ಚಿದೆ. ಬಿಗಿಯಾಗಿತ್ತು, ಹಲ್ಲು ಹಚ್ಚಬೇಕಾಯಿತು. ಎಳೆಯನ್ನು ಸುತ್ತಿ ಕೈಚೀಲಕ್ಕೆ ಹಾಕಿಕೊಂಡೆ. ನಾಳೆ ಸಿದ್ದಕ್ಕ ಗುರುತು ಹುಡುಕುತ್ತ ನಿಲ್ಲುತ್ತಾಳೆ, ನಾನು ಹೆಜ್ಜೆ ಎಣಿಸುತ್ತ ಮಕ್ಕಳನ್ನು ನೇರ ಗೂಡಿಗೆ ಕರೆದೊಯ್ಯುತ್ತೇನೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿ ಸಂತೋಷಪಟ್ಟೆ.

ಮರುದಿನ ಬಂಡೆಯಿಂದ ಎಣಿಕೆ ಶುರು ಮಾಡಿದೆ. ಮಕ್ಕಳೂ ನನ್ನ ಜೊತೆ ಗಟ್ಟಿಯಾಗಿ ಎಣಿಸಿದರು. ಇಪ್ಪತ್ತು ದಾಟುವಾಗಲೇ ಏನೋ ಕಡಿಮೆ ಅನ್ನಿಸಿತು. ತಲೆಯ ಮೇಲೆ ಹಕ್ಕಿಯ ಚೀರಾಟವಿರಲಿಲ್ಲ. ಮೂವತ್ತೆರಡನೆಯ ಹೆಜ್ಜೆಯಲ್ಲಿ ನೆಲದ ತುಂಬ ಕುರಿಗಳ ಗೊರಸಿನ ಗುರುತು. ನಡುವೆ ಒಡೆದ ಚಿಪ್ಪು, ಅದಕ್ಕೆ ಮುತ್ತಿದ ಇರುವೆ.

ಹುಲೆಪ್ಪ ಹತ್ತಿರದಲ್ಲೇ ಹಿಂಡು ನಿಲ್ಲಿಸಿಕೊಂಡಿದ್ದ. ಸಿದ್ದಕ್ಕ ಅವನನ್ನು ಕರೆದು ಕೇಳಿದಳು. ಅವನ ಮುಖ ಸಪ್ಪಗಾಯಿತು.

"ಗುರ್ತ ಎಲ್ಲಿತ್ತು? ನಿನ್ನಿ ಹೊತ್ತ ಮುಳಗೂ ಮುಂದ ಬಂದಾಗ ಕಂಟಿ ಬರಿದ ಇತ್ತು. ವಾರೆಲ್ಲ ಸುತ್ತ ಹಾಕಿ ಹೊಡಕೊಂಡ ಹೋಗೇನಿ. ನಿನ್ನಿ ಗುರ್ತ ಇಲ್ಲಂದ್ರ ಮರಿ ಹಾರಿದುವು ಅನಕೊಂಡೆ."

ಆಗ ನನಗೆ ತಿಳಿಯಿತು. ಗೂಡು ಇದ್ದ ಕಡೆ ಅವರ ಮಂದಿ ಕಂಟಿಗೆ ಉಣ್ಣೆ ಕಟ್ಟುತ್ತಾರೆ. ಅದನ್ನು ಕಂಡ ಕುರಿಗಾಹಿ, ಯಾರೇ ಇರಲಿ, ಹಿಂಡನ್ನು ಸುತ್ತುಬಳಸಿ ಒಯ್ಯುತ್ತಾನೆ. ಮರಿಗಳು ಹೋದ ಮೇಲೆ ಕಟ್ಟಿದವರೇ ಬಿಚ್ಚುತ್ತಾರೆ. ಒಂದು ವಾರದಿಂದ ಇದು ನನ್ನ ಮಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಸಿದ್ದಕ್ಕ ತನ್ನನ್ನೇ ಬೈದುಕೊಂಡಳು. ಗಂಟು ಸಡಿಲ ಹಾಕಿರಬೇಕು, ಗಾಳಿಗೆ ಹಾರಿರಬೇಕು ಎಂದಳು.

"ಇಲ್ಲ ಆಯಿ," ಎಂದಳು ಶೀತಲ್. "ನಾ ಜಗ್ಗಿ ನೋಡೀನಿ."

ನಾನು ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸಿದ್ದಕ್ಕ ಬಾಗಿ ಕಂಟಿಯ ಬುಡದಲ್ಲಿ ಉಣ್ಣೆ ಹುಡುಕತೊಡಗಿದಳು. ಅವಳನ್ನು ನೋಡಿ ಹತ್ತೊಂಬತ್ತು ಮಕ್ಕಳೂ ಬಾಗಿದರು. ನಾನೇ ಕಲಿಸಿದ ಹಾಗೆ ಒಬ್ಬೊಬ್ಬರು ಒಂದೊಂದು ತುಂಡು ನೆಲ ಹಂಚಿಕೊಂಡು, ಕಲ್ಲು ಸರಿಸಿ, ಹುಲ್ಲು ಬಿಡಿಸಿ, ಗಲಾಟೆಯಿಲ್ಲದೆ ಹುಡುಕಿದರು. ಅಷ್ಟು ಚೆನ್ನಾಗಿ ಅವರು ಹಿಂದೆಂದೂ ನೋಡಿರಲಿಲ್ಲ.

ಕೈಚೀಲ ತೆರೆದು ಉಣ್ಣೆಯನ್ನು ಚಾಚಿದೆ.

ಸಿದ್ದಕ್ಕ ಉಣ್ಣೆಯನ್ನು ತೆಗೆದುಕೊಂಡು ಬೆರಳಿಗೆ ಸುತ್ತಿ ಬಿಚ್ಚಿದಳು. "ಕೇಳಿದ್ರ ಹೇಳತಿದ್ನೆಲ್ರಿ, ಅಕ್ಕಾರ." ಅಷ್ಟೇ ಅಂದಳು. ಆಮೇಲೆ ಮಕ್ಕಳ ಕಡೆ ತಿರುಗಿ, ಹಕ್ಕಿ ಇನ್ನೊಂದು ಕಡೆ ಮತ್ತೆ ತತ್ತಿ ಇಡುತ್ತದೆ, ಹದಿನೈದು ದಿನ ಕಾಯಬೇಕು ಎಂದಳು. ಹದಿನೈದು ದಿನಕ್ಕೆ ಪರೀಕ್ಷೆ, ಅದರ ಹಿಂದೆಯೇ ಬೇಸಿಗೆ ರಜೆ.

ತರಗತಿಗೆ ಬಂದು ಮಕ್ಕಳು ಬರೆದರು. ಸೋಮವಾರ ಶಾಲೆಗಳ ಮೇಲ್ವಿಚಾರಣೆ ಮಾಡುವ ಸಿ.ಆರ್.ಪಿ. ಸಾಹೇಬರು ಈ ನೋಟಬುಕ್ಕುಗಳನ್ನು ನೋಡಲು ಬರುವವರಿದ್ದರು. ಶೀತಲ್ ತನ್ನದನ್ನು ನನ್ನ ಮೇಜಿನ ಮೇಲಿಟ್ಟು ಅಲ್ಲೇ ನಿಂತಳು.

"ನಾಲ್ಕೂ ತತ್ತಿ ಒಡೆದಿದ್ದವು. ಕುರಿ ಹೆಜ್ಜೆ ಇದ್ದವು. ಟಿಟ್ಟಿಭ ಕೂಗಲಿಲ್ಲ. ಉಣ್ಣೆ ಅಕ್ಕಾರ ಚೀಲದಲ್ಲಿ ಇತ್ತು."

ಬಿಚ್ಚಿದರು ಎಂದು ಬರೆದಿರಲಿಲ್ಲ. ಅದನ್ನು ಅವಳು ಕಂಡಿರಲಿಲ್ಲ.

ಕೊನೆಯ ಸಾಲು ತೆಗೆದುಬಿಡು ಎಂದರೆ ತೆಗೆಯುತ್ತಿದ್ದಳು. ನಾನು ಕೆಂಪು ಪೆನ್ನು ತೆಗೆದು ಸರಿ ಎಂದು ಗುರುತು ಹಾಕಿದೆ. ಅದರ ಕೆಳಗೆ, ನನ್ನ ಸಹಿಯ ಮೇಲೆ, "ಗಂಟು ಬಿಚ್ಚಿದವಳು ನಾನು" ಎಂದು ಬರೆದೆ.

ಶೀತಲ್ ಅದನ್ನು ತುಟಿಯಾಡಿಸುತ್ತ ಎರಡು ಸಲ ಓದಿದಳು. ನನ್ನ ಮುಖ ನೋಡಿದಳು. ಈಗಲಾದರೂ ಏನಾದರೂ ಕೇಳುತ್ತಾಳೆ ಎಂದು ಕಾದೆ.

"ಆಯಿಗೆ ಓದಾಕ ಬರೂದಿಲ್ಲ," ಎಂದಳು. "ನಾ ಹೋಗಿ ಓದಿ ಹೇಳಲೇನ್ರಿ, ಅಕ್ಕಾರ?"

ಈ ಸಲವೂ ಆಯಿಯ ಕಡೆಗೇ ತಿರುಗಿದ್ದಳು ನನ್ನ ಮಗಳು. ನೋಟಬುಕ್ಕು ಅವಳ ಕೈಗೆ ಕೊಟ್ಟೆ. ಅಡುಗೆ ಕೋಣೆಯ ಕಡೆ ಓಡಿದಳು.