ಮೂರು ಗಂಟೆಯ ನಂತರದ ಮೂಗು

ಕೊನೆಯ ಅಧ್ಯಾಯದ ಮೊದಲ ಪುಟದ ಮೇಲೆ ವರ್ನಾ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದಳು. ಎರಡನೆಯದಕ್ಕೂ ಎಳೆದಳು. ಮೂವತ್ತೊಂದು ಪುಟಕ್ಕೂ ಎಳೆದು ಮುಗಿಸುವಾಗ ಸಂಜೆ ನಾಲ್ಕು ಗಂಟೆ. ಬೆಳಿಗ್ಗೆ ಆರಕ್ಕೆ ಕೂತವಳು ನಡುವೆ ಎದ್ದದ್ದು ಎರಡೇ ಸಲ.

ಅಮೆರಿಕದ ಮೇನ್ ಕರಾವಳಿಯ ತನ್ನೂರಿನಲ್ಲಿ, ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದ ಹೆಂಗಸರ ಬಗ್ಗೆ ಹನ್ನೊಂದು ವರ್ಷ ಕೂತು ಬರೆದ ಪುಸ್ತಕ ಅದು. ಸೋಮವಾರ ಪ್ರಕಾಶಕರ ಕೈ ಸೇರಬೇಕು, ತಪ್ಪಿದರೆ ಮುಂದಿನ ವರ್ಷ. ಮುಂದಿನ ವರ್ಷಕ್ಕೆ ಆ ಹೆಂಗಸರಲ್ಲಿ ಯಾರು ಉಳಿದಿರುತ್ತಾರೋ ದೇವರೇ ಬಲ್ಲ. ಹೋದ ಚಳಿಗಾಲ ಒಂದರಲ್ಲೇ ಇಬ್ಬರು ತೀರಿಕೊಂಡಿದ್ದರು. ಅದಕ್ಕೇ ವರ್ನಾ ಹಟ ಹಿಡಿದು ತಿದ್ದುತ್ತಿದ್ದಳು. ಓದಿ ಓದಿ ಮರುಳಾಗುವುದು ಅಂದರೇನೆಂದು ಅರವತ್ತೆಂಟನೆಯ ವಯಸ್ಸಿನಲ್ಲಿ ಅವಳಿಗೆ ಗೊತ್ತಾಯಿತು. ಮಂಗಳವಾರ ತೆಗೆದ ಸಾಲನ್ನು ಗುರುವಾರ ಸೇರಿಸಿದ್ದಳು, ಇವತ್ತು ಅದನ್ನೇ ಮತ್ತೆ ಹೊಡೆದುಹಾಕಿದ್ದಳು.

ಶನಿವಾರ ರಾತ್ರಿ ಆ ಕಡೆ ಬೀನ್ಸ್ ಊಟದ ರೂಢಿ, ಅತ್ತಿಗೆ ಕ್ಲೋಡೆಟ್ ಬೇಯಿಸಿದ ಬೀನ್ಸ್ ತುಂಬಿದ ಪಾತ್ರೆ ಹಿಡಿದು ಬಂದಳು. ತೀರಿಹೋದ ಅಣ್ಣನ ಹೆಂಡತಿ. ಅದೇ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಮೀನು ಕತ್ತರಿಸಿದವಳು.

"ಏನೇ ಇದು, ಕಾಗದಕ್ಕೆಲ್ಲ ಬರೆ ಹಾಕಿದೀಯ?"

"ಕೊನೇ ಅಧ್ಯಾಯ ಅತ್ತಿಗೆ, ಕಾರ್ಖಾನೆ ಮುಚ್ಚಿದ ದಿನದ್ದು. ಓದಿದ್ರೆ ನಂಗೇ ಓಕರಿಕೆ ಬರತ್ತೆ. ಕಿತ್ತು ಹಾಕ್ತಿದೀನಿ."

"ಎಷ್ಟು ಸಲ ಓದಿದೀಯ?"

"ಅದನ್ನ ಯಾರು ಎಣಿಸಿದಾರೆ?"

ಕ್ಲೋಡೆಟ್ ಕುರ್ಚಿ ಎಳೆದುಕೊಂಡು ಕೂತಳು. "ಕಾರ್ಖಾನೇಲಿ ಕೆಟ್ಟ ಮೀನು ಆರಿಸಿ ತೆಗೆಯೋ ಮೇಜಿತ್ತು. ಮೂರು ಗಂಟೆ ಆಯ್ತು ಅಂದ್ರೆ ಸೂಪರ್‌ವೈಸರಮ್ಮ ನಮ್ಮನ್ನ ಅಲ್ಲಿಂದ ಎಬ್ಬಿಸಿ ಡಬ್ಬಿ ಒರೆಸೋಕೆ ಕಳಿಸ್ತಿದ್ಲು. ಬೆಳಿಗ್ಗೆಯಿಂದ ಮೂಸಿ ಮೂಸಿ ಮೂಗು ಕೆಟ್ಟಿರತ್ತೆ, ಎಲ್ಲಾ ಮೀನೂ ಕೊಳೆತಿದೆ ಅನ್ಸತ್ತೆ. ಒಳ್ಳೇದನ್ನೆಲ್ಲ ಎಸೆದುಬಿಡ್ತೀವಿ."

"ಹನ್ನೊಂದು ವರ್ಷದಿಂದ ಕೇಳ್ತಿದೀನಿ, ಒಂದಿನ ಆದ್ರೂ ಇದನ್ನ ಹೇಳಿದೀಯಾ?"

"ನೀನು ಸ್ಟ್ರೈಕ್ ಬಗ್ಗೆ ಕೇಳ್ದೆ, ಸಂಬಳದ ಬಗ್ಗೆ ಕೇಳ್ದೆ. ಮೂಗಿನ ಬಗ್ಗೆ ಯಾವತ್ತು ಕೇಳ್ದೆ?"

ವರ್ನಾಳಿಗೆ ಸಿಟ್ಟು ಬಂತು, ಜೊತೆಗೇ ಅಳುವೂ ಬಂತು. ಇಷ್ಟು ದಿನ ಗಾಣದೆತ್ತಿನ ಹಾಗೆ ಸುತ್ತಿದ್ದಕ್ಕೆ ಇವಳು ಮೀನಿನ ಕಥೆ ಹೇಳುತ್ತಾಳಲ್ಲ ಎನಿಸಿತು. ಆದರೂ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. ಆ ಸಂಜೆ ಒಂದು ಸಾಲನ್ನೂ ಓದಲಿಲ್ಲ. ಪುಟಗಳನ್ನು ಜೋಡಿಸಿ, ಅಂಕಿ ಹಾಕಿ, ಫೋಟೋಗಳಿಗೆ ಹೆಸರು ಅಂಟಿಸಿದಳು. ಕೈಗೆ ಮಾತ್ರ ಕೆಲಸ. ಎಂಟಕ್ಕೆಲ್ಲ ಮಲಗಿದಳು.

ಭಾನುವಾರ ಬೆಳಿಗ್ಗೆ ಅತ್ತಿಗೆಯನ್ನು ಕರೆಸಿ, ಕಾಫಿ ಕೊಟ್ಟು ಎದುರಿಗೆ ಕೂರಿಸಿಕೊಂಡಳು. ಗೆರೆ ಎಳೆದ ಪುಟಗಳನ್ನು ಗಟ್ಟಿಯಾಗಿ ಓದತೊಡಗಿದಳು. ಬಾಯ್ಲರ್ ಆರಿಸಿದ ಮುದುಕನ ಬೈಗುಳಕ್ಕೆ ಕ್ಲೋಡೆಟ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಯ ಡಬ್ಬಿ ಬೆಲ್ಟಿನ ಮೇಲೆ ಸಾಗುವಲ್ಲಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಅಧ್ಯಾಯ ಸತ್ತಿರಲಿಲ್ಲ. ವರ್ನಾಳ ದನಿ ತಾನಾಗಿ ಏರಿತು.

"'ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು...'"

ಕ್ಲೋಡೆಟ್ ಲೋಟ ಕೆಳಗಿಟ್ಟಳು. "ಅಳಲಿಲ್ಲ ಕಣೆ."

"ಪೇಪರಲ್ಲಿ ಬಂದಿತ್ತಲ್ಲ?"

"ಪೇಪರಿನವನು ಗೇಟಿನ ಆಚೆ ನಿಂತಿದ್ದ."

ವರ್ನಾ ಆ ಪುಟವನ್ನು ನೋಡುತ್ತ ಕೂತಳು. ಓಕರಿಕೆ ಶುರುವಾಗುತ್ತಿದ್ದದ್ದು ಇಲ್ಲೇ. ಈ ಅಳುವನ್ನೇ ಅವಳು ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಹೊಳೆಯಿಸಿದ್ದು. ಆ ಒಂದು ಪುಟವನ್ನು ತೆಗೆದು ಹರಿದು ಬುಟ್ಟಿಗೆ ಹಾಕಿದಳು.

"ಮತ್ತೆ ಏನ್ ಮಾಡಿದ್ರಿ ಅತ್ತಿಗೆ?"

ಕ್ಲೋಡೆಟ್ ಅಂಗೈಯಿಂದ ಮೇಜನ್ನು ಸವರಿದಳು.

"ಮೇಜು ತೊಳೆದ್ವಿ. ದಿನಾ ತೊಳೆಯೋ ಹಾಗೇ, ಸೋಪು ಹಾಕಿ, ಸಂದಿಗೊಂದಿ ಎಲ್ಲ ಉಜ್ಜಿ. ಆಮೇಲೆ ಒರೆಸೋ ಬಟ್ಟೆ ಹಿಂಡಿ, ಬೆಳಿಗ್ಗೆ ಅಷ್ಟೊತ್ತಿಗೆ ಒಣಗಿರ್ಲಿ ಅಂತ ತಂತಿ ಮೇಲೆ ಹರವಿ, ಮನೆಗೆ ಬಂದ್ವಿ."

ವರ್ನಾ ಹೊಸ ಹಾಳೆ ತೆಗೆದುಕೊಂಡು, ಒಂದು ಮಾತನ್ನೂ ಬದಲಿಸದೆ, ಅದನ್ನು ಹಾಗೆಯೇ ಬರೆದಳು.